‘ಆರಾಮ ಅದೀನಿ’ ಅನ್ನುವವರ ಮನೆ ಬಾಗಿಲಿಗೆ

ಸಂಜೆ ಏಳರ ಸುಮಾರಿಗೆ ಯಲಬುರ್ಗಾ, ಕುಷ್ಟಗಿ ತಾಲ್ಲೂಕಿನ ಹಳ್ಳಿಗಳಲ್ಲಿ ಅಡ್ಡಾಡಿದರೆ ಕಟ್ಟೆಗಳ ಮೇಲೆ ಹೆಚ್ಚುಕಡಿಮೆ ಒಂದೇ ಮಾತುಕತೆ ಕಿವಿಗೆ ಬೀಳುತ್ತದೆ. ಎಲೆ-ಅಡಿಕೆಯ ಸಂಚಿಯಿಂದ ಬಟನ್ ಫೋನ್ ಹೊರಬರುತ್ತದೆ. ಆ ಕಡೆ, ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸ ಮುಗಿಸಿ ಶೆಡ್ಡಿಗೆ ಬಂದ ಮಗ.

‘ಯವ್ವಾ, ಉಂಡೀ?’

‘ಉಂಡೆ ಮಗಾ. ಹುಡುಗ್ರು ಹೆಂಗದಾವು?’

‘ಕಾಲು ನೋವು ಹೆಂಗೈತಿ?’

‘ಕಡಿಮಿ ಆಗೈತಿ. ನಾ ಆರಾಮ ಅದೀನಿ.’

ಕಾಲು ಬಾತು ಕಂಬವಾಗಿರುತ್ತದೆ. ಬಿಪಿ ಗುಳಿಗೆ ತೀರಿ ಎಂಟು ದಿನವಾಗಿರುತ್ತದೆ. ಹೇಳಿದರೆ ಮಗ ಕೆಲಸ ಬಿಟ್ಟು ಬರಬೇಕು. ಎರಡು ದಿನದ ಪಗಾರ, ಬಸ್ ಚಾರ್ಜು, ಮೇಸ್ತ್ರಿಯ ಸಿಟ್ಟು ಎಲ್ಲವನ್ನೂ ಲೆಕ್ಕ ಹಾಕಿಯೇ ತಾಯಿ ‘ಆರಾಮ’ ಅನ್ನುತ್ತಾಳೆ.

1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಗೆ ಎರಡು ಮುಖ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಭತ್ತದ ಕಣಜ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಸೀಮೆಗೆ ಗುಳೆಯ ಹಾದಿ. ಬೆಂಗಳೂರು, ಮಂಗಳೂರು, ಗೋವಾ ಎಂದು ದುಡಿಯುವ ಕೈಗಳೆಲ್ಲ ಹೊರಟ ಮೇಲೆ ಊರಲ್ಲಿ ಉಳಿಯುವವರು ಮುದುಕರು, ಅಂಗವಿಕಲರು, ಅಜ್ಜಿಯರ ಮಡಿಲಿಗೆ ಬಿಟ್ಟ ಮಕ್ಕಳು. ಗಂಗಾವತಿಯಂಥ ಪೇಟೆಯಲ್ಲೂ, ಓದಿದ ಮಕ್ಕಳು ದೂರದೂರಿನಲ್ಲಿ ನೆಲೆಸಿ, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರಿದ್ದಾರೆ. ಒಂಟಿತನ ನೀರಾವರಿ, ಖುಷ್ಕಿ ಎಂದು ನೋಡಿ ಬರುವುದಿಲ್ಲ.

<b>ಮಗನಿಗೆ ಹೇಳದ್ದು, ಅಪರಿಚಿತರಿಗೆ</b>

ಹೆತ್ತವರು ಮಕ್ಕಳಿಗೆ ಹೇಳದ ಸಂಕಟವನ್ನು ಗುರುತಿಲ್ಲದ ಕಿವಿಗೆ ಹೇಳಿಕೊಳ್ಳುತ್ತಾರೆ. ಸಹಾಯವಾಣಿಗಳು ಹುಟ್ಟಿದ್ದೇ ಈ ತಿಳಿವಳಿಕೆಯಿಂದ. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ, ಬದುಕು ಬೇಡವೆನಿಸಿದವರ ಮಾತು ಕೇಳಲು ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟರು. ಅಲ್ಲಿ ನೆರವಿಗೆ ಬಂದ ಸ್ವಯಂಸೇವಕರಿಂದಲೇ ‘ಸಮಾರಿಟನ್ಸ್’ ಸಂಸ್ಥೆ ಬೆಳೆಯಿತು. ನಮ್ಮಲ್ಲಿ 2002ರಲ್ಲಿ ಬೆಂಗಳೂರು ನಗರ ಪೊಲೀಸರು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಜತೆಗೂಡಿ 1090 ಹಿರಿಯರ ಸಹಾಯವಾಣಿ ಆರಂಭಿಸಿದರು.

ಈಗ ದೇಶಕ್ಕೆಲ್ಲ ಒಂದೇ ಸಂಖ್ಯೆಯಿದೆ. 2021ರಲ್ಲಿ ಕೇಂದ್ರ ಸರ್ಕಾರ ದೇಶವ್ಯಾಪಿಯಾಗಿಸಿದ ‘ಎಲ್ಡರ್‌ಲೈನ್’ 14567, ವಾರದ ಏಳೂ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಉಚಿತ. ಪಿಂಚಣಿ ನಿಂತಿದೆಯೇ, ಮಕ್ಕಳು ಮನೆಯಿಂದ ಹೊರಹಾಕಿದ್ದಾರೆಯೇ, ಮಾತಾಡಲು ಯಾರೂ ಇಲ್ಲವೇ, ಮೂರನ್ನೂ ಅದು ಕೇಳಿಸಿಕೊಳ್ಳುತ್ತದೆ. ಮನಸ್ಸಿನ ನೋವಿಗೆ 2022ರ ಅಕ್ಟೋಬರ್ 10ರಂದು ಶುರುವಾದ ‘ಟೆಲಿ ಮಾನಸ್’ 14416 ಇದೆ. ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುವ ಈ ಸೇವೆಯಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

<b>ಕಿವಿಯ ಜತೆ ಕಾಲೂ ಬೇಕು</b>

ಆದರೆ ಬಾತ ಕಾಲಿಗೆ ಫೋನಿನಲ್ಲಿ ಪಟ್ಟಿ ಕಟ್ಟಲಾಗದು. ಕರೆ ಕೇಳಿದ ಮೇಲೆ ಯಾರಾದರೂ ಎದ್ದು ಆ ಮನೆಯವರೆಗೆ ನಡೆಯಬೇಕು. ಎಲ್ಡರ್‌ಲೈನಿಗೆ ಕ್ಷೇತ್ರ ಸಿಬ್ಬಂದಿ ಇರುವುದು ಅದಕ್ಕೇ. ನಮ್ಮ ಊರುಗಳಲ್ಲಿ ಹಾಗೆ ನಡೆಯುವವರು ಮೊದಲಿನಿಂದಲೂ ಇದ್ದಾರೆ. ಬಿಪಿ ಗುಳಿಗೆಯ ಲೆಕ್ಕ ಇಡುವ ಆಶಾ ಕಾರ್ಯಕರ್ತೆ ಇದ್ದಾಳೆ. ಗ್ರಾಮ ಪಂಚಾಯಿತಿಯಲ್ಲಿ ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಇವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು. ತ್ರಿಚಕ್ರ ಸ್ಕೂಟರಿನಲ್ಲಿ ಓಣಿ ಓಣಿ ತಿರುಗಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನದ ಅರ್ಜಿ ಮಾಡಿಸುತ್ತಾರೆ. ‘ಸಮೂಹ’ ಸಂಸ್ಥೆ ಅಂಗವಿಕಲರಿಗಾಗಿ, ‘ಸಂರಕ್ಷ’ ಎಚ್‌ಐವಿ ಬಾಧಿತರಿಗಾಗಿ ಈ ಜಿಲ್ಲೆಯಲ್ಲಿ ಮನೆಬಾಗಿಲ ಸೇವೆಯ ಹಾದಿಯನ್ನು ಸ್ಮಾರ್ಟ್‌ಫೋನ್ ಬರುವ ಮೊದಲೇ ಸವೆಸಿವೆ.

ಅಂಚೆಯಣ್ಣನನ್ನೂ ಇಲ್ಲಿ ನೆನೆಯಬೇಕು. ಅಂಚೆ ಪೇಮೆಂಟ್ಸ್ ಬ್ಯಾಂಕು ಬಂದಮೇಲೆ ಅವನು ಮೊಬೈಲು, ಬೆರಳಚ್ಚಿನ ಪುಟ್ಟ ಯಂತ್ರ ಹಿಡಿದು ಮನೆಗೇ ಬಂದು ಪಿಂಚಣಿ ಕೊಡಬಲ್ಲ. ಐವತ್ತು ವರ್ಷ ಕಳೆ ಕಿತ್ತ ಬೆರಳಿನಲ್ಲಿ ಗೆರೆಗಳೇ ಸವೆದಿರುತ್ತವೆ. ಯಂತ್ರ ಒಪ್ಪುವುದಿಲ್ಲ. ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ, ಆಮೇಲೆ ತೋರುಬೆರಳು, ಆಮೇಲೆ ಎಡಗೈ. ಅವಳ ಬೆರಳು ಹಿಡಿದು, ‘ಅವಸರ ಇಲ್ಲ ಬಿಡಬೇ, ಇನ್ನೊಮ್ಮಿ ನೋಡೂಣು’ ಅನ್ನುವ ಮನುಷ್ಯ ಎದುರಿಗಿದ್ದರೆ ಮಾತ್ರ ಆ ಯಂತ್ರದಿಂದ ಉಪಯೋಗ.

ಕಾನೂನಿನ ಮಾತೂ ಅಷ್ಟೇ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ, ವಕೀಲರಿಲ್ಲದೆಯೇ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಮಕ್ಕಳಿಂದ ಜೀವನಾಂಶ ಪಡೆಯಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನೂ ರದ್ದುಪಡಿಸಬಹುದು. ಇದನ್ನು ತಿಳಿಸಿ ಅರ್ಜಿ ಬರೆದುಕೊಡಲು ಯಾರಾದರೂ ಪಕ್ಕದಲ್ಲಿ ಕೂರಬೇಕು.

<b>ಯಾರು ಒತ್ತಬೇಕು ಆ ಐದು ಅಂಕಿ?</b>

ತೀರ ಒಂಟಿಯಾದವರಿಗೆ ಸಂಖ್ಯೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಒತ್ತುವ ಧೈರ್ಯವಿರುವುದಿಲ್ಲ. ಅವರ ಪರವಾಗಿ ಯಾರು ಬೇಕಾದರೂ ಕರೆ ಮಾಡಬಹುದು ಎಂಬುದನ್ನು ಊರಿಗೆಲ್ಲ ತಿಳಿಸಬೇಕು. ನ್ಯಾಯಬೆಲೆ ಅಂಗಡಿಯ ಗೋಡೆಯ ಮೇಲೆ 14567 ಎಂದು ದಪ್ಪಕ್ಷರದಲ್ಲಿ ಬರೆಸಲು ಎಷ್ಟು ಖರ್ಚಾದೀತು? ಗುಳೆ ಹೊರಡುವ ದಿನಗಳಲ್ಲಿ ಪಂಚಾಯಿತಿಯವರು ಒಂಟಿಯಾಗಿ ಉಳಿಯುವವರ ಪಟ್ಟಿ ಮಾಡಿ ಆಶಾ ಕಾರ್ಯಕರ್ತೆ, ಅಂಚೆಯಣ್ಣ, ಪುನರ್ವಸತಿ ಕಾರ್ಯಕರ್ತರ ಕೈಗೆ ಕೊಟ್ಟರೆ ಅರ್ಧ ಕೆಲಸ ಆದಂತೆ.

ಊರು ಬಿಡುವ ಮುನ್ನ ಪಕ್ಕದ ಮನೆಯವರಿಗೆ ‘ನಮ್ಮವ್ವನ ಮ್ಯಾಲೆ ಒಂದೀಟು ನಿಗಾ ಇರಲಿ’ ಅಂತ ಹೇಳಿ ಹೋಗುವುದು ಈ ಸೀಮೆಯ ಹಳೆಯ ವಾಡಿಕೆ. ಫೋನು ಆ ನಿಗಾಕ್ಕೆ ಬಲ ಕೊಡಬೇಕು. ಸಂಜೆ ಮಗನ ಕರೆ ಬಂದಾಗ ಪಕ್ಕದ ಮನೆಯ ಹುಡುಗಿ ಫೋನ್ ಇಸಕೊಂಡು, ‘ಅಣ್ಣಾ, ಯವ್ವನ ಕಾಲು ಬಾತೈತಿ. ಆಶಾ ಅಕ್ಕ ಬಂದು ನೋಡ್ಯಾಳ, ಗುಳಿಗಿ ಕೊಟ್ಟಾಳ. ನಾಳಿ ದವಾಖಾನಿಗೆ ಕರಕೊಂಡು ಹೋಗ್ತೀವಿ’ ಅನ್ನುವಂತಾಗಲಿ. ಆಗ ತಾಯಿ ‘ಆರಾಮ ಅದೀನಿ’ ಅಂದರೆ ಮಗ ಅದನ್ನು ನಂಬಬಹುದು.