ದೊಡ್ಡ ಅಲಿ, ಸಣ್ಣ ಅಲಿ ಮತ್ತು ನಮ್ಮ ಹುಸೇನಪ್ಪ

ಮೈಲಾರದ ಸುತ್ತಿನ ಹಳ್ಳಿಗಳಲ್ಲಿ ಒಂದೇ ಓಣಿಗೆ ಮೂವರು ಮೈಲಾರಪ್ಪ ಇರುವುದು ಹೊಸದೇನಲ್ಲ. ದೊಡ್ಡ ಮೈಲಾರಪ್ಪ, ಸಣ್ಣ ಮೈಲಾರಪ್ಪ, ಕುರಿ ಮೈಲಾರಪ್ಪ ಎಂದು ಕರೆದರೆ ತೊಡಕು ಮುಗಿಯಿತು. ಅದೇ ಓಣಿಯಲ್ಲಿ ಹಣೆಗೆ ಭಂಡಾರ ಹಚ್ಚಿದ ಹುಸೇನಪ್ಪನೂ ಇರುತ್ತಿದ್ದ. ಭರತ ಹುಣ್ಣಿಮೆಯ ಜಾತ್ರೆಗೆ ಬಂಡಿ ಕಟ್ಟುವ, ಗೊರವಯ್ಯ ಬಿಲ್ಲೇರಿ ಕಾರಣಿಕ ನುಡಿಯುವಾಗ ಉಸಿರು ಬಿಗಿಹಿಡಿದು ನಿಲ್ಲುವ ಈ ಮನುಷ್ಯನಿಗೆ ಅರಬ್ ನಾಡಿನ ಹೆಸರು ಬಂದದ್ದು ಹೇಗೆ? ಇದರ ಬೆನ್ನು ಹತ್ತಿದಾಗ ನನಗೆ ಎದುರಾದದ್ದು ಒಂದು ಇಂಗ್ಲಿಷ್ ನಿಘಂಟು.

1886ರಲ್ಲಿ ಹೊರಬಂದ ಅದರ ಹೆಸರು ‘ಹಾಬ್ಸನ್-ಜಾಬ್ಸನ್’. ಇಂಗ್ಲಿಷಿಗೆ ನುಸುಳಿದ ನಮ್ಮ ಕಡೆಯ ಮಾತುಗಳನ್ನು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಅದರಲ್ಲಿ ಕೂಡಿಟ್ಟಿದ್ದರು. ಬರ್ನೆಲ್ ಮದ್ರಾಸ್ ಪ್ರಾಂತ್ಯದ ಅಧಿಕಾರಿ; ದಕ್ಷಿಣದ ಲಿಪಿಗಳ ಬಗ್ಗೆ ಅವರು ಬರೆದ ಪುಸ್ತಕ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಗಿತ್ತು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಗಳೂ ಆಗ ಅದೇ ಪ್ರಾಂತ್ಯಕ್ಕೆ ಸೇರಿದ್ದವು. ನಿಘಂಟಿನ ಆ ವಿಚಿತ್ರ ಹೆಸರು ಎಲ್ಲಿಂದ ಬಂತು? ಮೊಹರಂ ಮೆರವಣಿಗೆಯಲ್ಲಿ ಎದೆ ಬಡಿದುಕೊಂಡು ಕೂಗುವ ‘ಯಾ ಹಸನ್, ಯಾ ಹುಸೇನ್’ ಎಂಬ ಗೋಳು ಬ್ರಿಟಿಷ್ ಸಿಪಾಯಿಗಳ ಬಾಯಲ್ಲಿ ಹಾಗೆ ಕೆಟ್ಟಿತು. ಜನ ಕಣ್ಣೀರಿಟ್ಟು ಕರೆದ ಇಬ್ಬರ ಹೆಸರು ದೊರೆಗಳಿಗೆ ಆಟದ ಮಾತಾಯಿತು. ಓದಿ ನನಗೆ ಸಂಕಟವಾಯಿತು.

ಹಸನ್ ಎಂದರೆ ಚೆಲುವ. ಹುಸೇನ್ ಅದರದೇ ಮುದ್ದಿನ ರೂಪ, ಪುಟ್ಟ ಚೆಲುವ. ಇಬ್ಬರೂ ಅಲಿ-ಫಾತಿಮಾ ದಂಪತಿಯ ಮಕ್ಕಳು, ಪ್ರವಾದಿ ಮುಹಮ್ಮದರ ಮೊಮ್ಮಕ್ಕಳು. ಜೋಡಿಯಾಗಿ ಕರೆದು ಕರೆದು ಇಬ್ಬರೂ ಒಂದೇ ಕಾಳಗದಲ್ಲಿ ಮಡಿದರೆಂದು ಅನೇಕರು ನಂಬಿದ್ದಾರೆ. ಆದರೆ ಅಣ್ಣ ಹಸನ್ 661ರಲ್ಲಿ ಎದುರಾಳಿ ಮುಆವಿಯಾಗೆ ಅಧಿಕಾರ ಬಿಟ್ಟುಕೊಟ್ಟು, ಸುಮಾರು 670ರಲ್ಲಿ ಮದೀನಾದಲ್ಲಿ ತೀರಿಕೊಂಡರು; ವಿಷವಿಕ್ಕಿದರೆಂಬುದು ಪರಂಪರೆಯ ಮಾತು. 680ರಲ್ಲಿ ಕರ್ಬಲಾದಲ್ಲಿ ನೀರಿಲ್ಲದೆ ಬಳಲಿ, ಕಾದಾಡಿ ಮಡಿದವರು ತಮ್ಮ ಹುಸೇನ್. ಅಲ್ಲಿ ಅವರ ಜೊತೆ ಬಿದ್ದ ಕಾಸಿಂ, ಅಣ್ಣ ಹಸನರ ಮಗ. ಎಳವೆಯಲ್ಲೇ ತೀರಿದ ಪ್ರವಾದಿಯ ಮಗನ ಹೆಸರೂ ಕಾಸಿಂ, ಆದರೆ ಅವನು ಬೇರೆ. ಎದುರು ಪಡೆಯ ನಾಯಕ ಉಮರ್ ಬಿನ್ ಸಾದ್. ಇವನು ಖಲೀಫ ಉಮರ್ ಅಲ್ಲ; ಆ ಉಮರ್ ತೀರಿಕೊಂಡು ಆಗಲೇ 36 ವರ್ಷವಾಗಿತ್ತು.

ಹುಸೇನರು ಅಪ್ಪನ ಹೆಸರನ್ನು ಮೂವರು ಮಕ್ಕಳಿಗೆ ಇಟ್ಟಿದ್ದರು. ಅಲಿ ಅಕ್ಬರ್, ಅಲಿ ಅಸ್ಗರ್, ಮತ್ತು ಕಾಯಿಲೆಯಿಂದ ಡೇರೆಯಲ್ಲಿ ಮಲಗಿದ್ದು ಬದುಕಿ ಉಳಿದ ಅಲಿ, ಅಂದರೆ ಜೈನುಲ್ ಆಬಿದೀನ್. ಅಕ್ಬರ್ ಎಂದರೆ ದೊಡ್ಡವ, ಅಸ್ಗರ್ ಎಂದರೆ ಸಣ್ಣವ. ದೊಡ್ಡ ಅಲಿ, ಸಣ್ಣ ಅಲಿ! ನಮ್ಮ ಓಣಿಯ ಲೆಕ್ಕವೇ ಅವರ ಮನೆಯಲ್ಲೂ ಇತ್ತು.

ಹಾಗಾಗಿಯೇ ಇರಬೇಕು, ಈ ಹೆಸರುಗಳು ನಮ್ಮವರಿಗೆ ಹೊರಗಿನವೆನಿಸಲಿಲ್ಲ. ಬಳ್ಳಾರಿ ಸೀಮೆಯಲ್ಲಿ ಮೊಹರಂ ಎಂದರೆ ಪೀರಲ ಹಬ್ಬ; ಅದರಲ್ಲಿ ಕೈಯಾಕಾರದ ಪಂಜಾಗಳು ಹಸನ್, ಹುಸೇನ್, ಕಾಸಿಂ ದೇವರುಗಳಾಗಿ ಕೂರುತ್ತವೆ. ಅಲಾಯಿ ಕುಣಿಗೆ ಬೆಂಕಿ ಹಾಕಿ, ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ; ಸಕ್ಕರೆ ಓದಿಸುತ್ತಾರೆ, ಚೊಂಗೆ ಮಾಡುತ್ತಾರೆ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಈ ಹಬ್ಬ ನಡೆಯುತ್ತದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆ ಅವರು ಊರೂರು ತಿರುಗಿ ಇದನ್ನು ದಾಖಲಿಸಿದ್ದಾರೆ. ಮಕ್ಕಳಿಲ್ಲದವರು ಪಂಜಾದ ಮುಂದೆ ಹರಕೆ ಹೊರುತ್ತಿದ್ದರು. ಹುಟ್ಟಿದ ಕೂಸು ಹುಸೇನಪ್ಪ, ಹುಸೇನಮ್ಮ. ಅಲಿಯ ‘ಮೌಲಾ’ ಬಿರುದಿನಿಂದ ಮೌಲಪ್ಪ. ಸಿಪಾಯಿಯ ಬಾಯಲ್ಲಿ ಕೆಟ್ಟ ಹೆಸರಿಗೆ ನಮ್ಮ ಅವ್ವಂದಿರು ಒಂದು ‘ಅಪ್ಪ’ ಸೇರಿಸಿ ತೊಟ್ಟಿಲಿಗೆ ಹಾಕಿದರು.

ಈಗಿನ ತೊಟ್ಟಿಲುಗಳಲ್ಲಿ ಈ ಹೆಸರು ಕೇಳುವುದು ಅಪರೂಪ. ಅಜ್ಜನ ಹೆಸರು ಹೇಳಲು ಮೊಮ್ಮಕ್ಕಳೇ ಹಿಂಜರಿಯುವುದನ್ನು ಕಂಡಿದ್ದೇನೆ. ಅದು ನನ್ನನ್ನು ನೋಯಿಸುತ್ತದೆ, ಸಿಟ್ಟನ್ನೂ ತರಿಸುತ್ತದೆ. ನಿಮ್ಮ ಮನೆಯಲ್ಲೊಬ್ಬ ಹುಸೇನಪ್ಪ ಇದ್ದರೆ, ಆ ಹೆಸರು ಯಾವ ಹರಕೆಯದೆಂದು ಹಿರಿಯರನ್ನು ಕೇಳಿ, ಬರೆದಿಡಿ. ಹೇಳಬಲ್ಲ ಮುದುಕಿಯರು ಇನ್ನೂ ಇದ್ದಾರೆ.