ಟಿಕೆಟ್‌ನಲ್ಲಿ ಮೂರೂಕಾಲು ಗಂಟೆ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ದಾದಿ ಜಿದ್ದಾದಲ್ಲಿರುವ ಚಾಚಾ ಮನೆಗೆ ಹೊರಟರು. ದಾದಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಊಟದ ಮುಂಚೆ ಇನ್ಸುಲಿನ್ ಬೇಕೇ ಬೇಕು. ಟಿಕೆಟ್ ಓದಿ ಹೇಳುವ ಕೆಲಸ ನನ್ನದಾಯಿತು. ಬೆಂಗಳೂರು ಬಿಡುವುದು ಬೆಳಿಗ್ಗೆ 10.30, ಜಿದ್ದಾ ತಲುಪುವುದು ಮಧ್ಯಾಹ್ನ 1.45. "ಮೂರೂಕಾಲು ಗಂಟೆ ಅಷ್ಟೇ ದಾದಿ, ಇಳಿದ ಮೇಲೆ ಊಟ ಮಾಡಿ" ಎಂದುಬಿಟ್ಟೆ. ಫೋನಿನಲ್ಲಿ ಕೇಳಿದ ಚಾಚಾ, "ಅರೇ ಬೇಟಾ, ಅದು ಇಲ್ಲಿನ ಗಡಿಯಾರ!" ಎಂದರು. ಕಾಮರ್ಸ್ ವಿದ್ಯಾರ್ಥಿ ಕಳೆಯುವ ಲೆಕ್ಕದಲ್ಲೇ ತಪ್ಪಿದ್ದೆ.

ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲುಪುವ ಸಮಯ ತಲುಪುವ ಊರಿನದು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಸೌದಿಯದು 45 ಡಿಗ್ರಿಗೆ ಹೊಂದುತ್ತದೆ. ನಡುವಿನ 37.5 ಡಿಗ್ರಿಯನ್ನು 4ರಿಂದ ಗುಣಿಸಿದರೆ 150 ನಿಮಿಷ, ಅಂದರೆ ಎರಡೂವರೆ ಗಂಟೆ. ಮೂರೂಕಾಲಕ್ಕೆ ಅದನ್ನು ಕೂಡಿಸಿದರೆ ನಿಜವಾದ ಪ್ರಯಾಣ 5 ಗಂಟೆ 45 ನಿಮಿಷ.

ದೂರದಿಂದಲೂ ಇದನ್ನು ತಾಳೆ ನೋಡಬಹುದು. ಎರಡೂ ವಿಮಾನ ನಿಲ್ದಾಣಗಳ ನಡುವೆ ಸುಮಾರು 4,200 ಕಿ.ಮೀ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 850 ಕಿ.ಮೀ. ಎಂದುಕೊಂಡರೆ ಐದು ಗಂಟೆ. ಉಳಿದದ್ದು ರನ್‌ವೇಗೆ ಹೋಗಲು, ಏರಲು, ಇಳಿಯಲು ಮತ್ತು ಎದುರು ಗಾಳಿಗೆ.

ಈ ದೂರವನ್ನು ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹಿಡಿದರೆ ದಾರ ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ! 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಆ ದಾರಿಯಲ್ಲೇ ಬಂತು. ಸುಮಾರು 14,000 ಕಿ.ಮೀ., ಎಲ್ಲೂ ನಿಲ್ಲದೆ.

ದಾದಿಯ ವಾಪಸ್ ಟಿಕೆಟ್ ಇನ್ನೂ ತಮಾಷೆ. ಜಿದ್ದಾ ಬಿಡುವುದು ಮಧ್ಯಾಹ್ನ 3, ಬೆಂಗಳೂರು ತಲುಪುವುದು ರಾತ್ರಿ 10.45. ನೋಡಲು ಏಳೂಮುಕ್ಕಾಲು ಗಂಟೆ. ಎರಡೂವರೆ ಕಳೆದರೆ ಐದೂಕಾಲು, ಹೋಗುವಾಗಿಗಿಂತ ಅರ್ಧ ಗಂಟೆ ಕಡಿಮೆ. ಚಳಿಗಾಲದಲ್ಲಿ ಅರೇಬಿಯಾ, ಉತ್ತರ ಭಾರತದ ಮೇಲೆ ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಅದು ಬರುವಾಗ ಹಿಂದಿನಿಂದ ತಳ್ಳುತ್ತದೆ, ಹೋಗುವಾಗ ತಡೆಯುತ್ತದೆ.

ಮೂರು ಗಂಟೆ ಮುಂಚೆ ಏರ್‌ಪೋರ್ಟ್ ಸೇರಬೇಕು, ಅದಕ್ಕೆ ಮನೆ ಬಿಡುವುದು ಬೆಳಿಗ್ಗೆ 5ಕ್ಕೆ. ಜಿದ್ದಾದ 1.45 ಎಂದರೆ ನಮ್ಮ 4.15. ಹಾಗಾಗಿ ದಾದಿ ದಾರಿಯಲ್ಲಿರುವುದು ಹನ್ನೊಂದು ಗಂಟೆಗೂ ಹೆಚ್ಚು. ನನ್ನ ಮಾತು ಕೇಳಿ ಊಟ ತಪ್ಪಿಸಿದ್ದರೆ ಸಕ್ಕರೆ ಇಳಿದು ಬೀಳುತ್ತಿದ್ದರೋ ಏನೋ. ಎರಡೂ ಊರಿನ ಸಮಯ ಪಕ್ಕಪಕ್ಕ ಬರೆದು ಡಾಕ್ಟರ್ ಹತ್ತಿರ ಒಯ್ದೆವು. ವಿಮಾನದಲ್ಲಿ ಯಾವಾಗ ತಿನ್ನಬೇಕು ಎಂದು ಅವರು ಗುರುತು ಹಾಕಿದರು. ಮೊದಲ ದಿನದ ರಾತ್ರಿ 8ರ ಇನ್ಸುಲಿನ್ ಮುಂದೆ "ಅಲ್ಲಿ ಸಂಜೆ 5.30" ಎಂದು ಬರೆದರು. ಆ ಚೀಟಿ, ಇನ್ಸುಲಿನ್ ಎರಡೂ ಕೈಚೀಲದಲ್ಲೇ ಹೋದವು. ದಾದಿ ಜಿದ್ದಾ ತಲುಪುವವರೆಗೂ ಕೈಗಡಿಯಾರ ಮುಟ್ಟಲಿಲ್ಲವಂತೆ.