ಯಾವ ಬ್ರಾಹ್ಮಿ?

ಬ್ರಾಹ್ಮಿಯನ್ನು ತಿಂದರೆ ಜ್ಞಾಪಕಶಕ್ತಿ ಹೆಚ್ಚುವುದೆಂಬ ಮಾತನ್ನು ಪರೀಕ್ಷೆಯ ಕಾಲದಲ್ಲಿ ಕೇಳದ ವಿದ್ಯಾರ್ಥಿಗಳು ವಿರಳ. ಈ ಮಾತು ಎಷ್ಟರಮಟ್ಟಿಗೆ ನಿಜ? ಇದಕ್ಕೆ ಉತ್ತರವನ್ನು ಹುಡುಕುವ ಮೊದಲು ನಾವು ಇನ್ನೊಂದು ಪ್ರಶ್ನೆಯನ್ನು ಕೇಳಬೇಕಾಗಿದೆ: ಯಾವ ಬ್ರಾಹ್ಮಿ?

ನಮ್ಮ ದೇಶದಲ್ಲಿ ಈ ಹೆಸರು ಎರಡು ಮೂಲಿಕೆಗಳಿಗೆ ಸಲ್ಲುತ್ತದೆ. ಮೊದಲನೆಯದು ಒಂದೆಲಗ, ತುಳುವಿನಲ್ಲಿ ತಿಮರೆ. ತೋಟದ ತೇವದಲ್ಲಿ ನೆಲದ ಮೇಲೆ ಹಬ್ಬಿ, ಗೆಣ್ಣುಗೆಣ್ಣಿಗೂ ಬೇರೂರುವ ಈ ಗಿಡದ ಎಲೆ ಮೂತ್ರಪಿಂಡದ ಆಕಾರವುಳ್ಳದ್ದು. ಸಸ್ಯಶಾಸ್ತ್ರಜ್ಞರು ಇದನ್ನು ಕೊತ್ತಂಬರಿಯ ಕುಟುಂಬಕ್ಕೆ ಸೇರಿಸಿ, ಸೆಂಟೆಲ್ಲ ಏಷ್ಯಾಟಿಕ ಎಂದು ಕರೆಯುತ್ತಾರೆ. ತೆಂಗಿನಕಾಯಿ, ಜೀರಿಗೆ, ಮೆಣಸುಗಳೊಡನೆ ಅರೆದು ಮಜ್ಜಿಗೆ ಬೆರೆಸಿದರೆ, ಕರಾವಳಿ ಮಲೆನಾಡುಗಳ ಮನೆಗಳಲ್ಲಿ ಪ್ರಿಯವಾದ ತಂಬುಳಿ ಸಿದ್ಧ.

ಎರಡನೆಯದು ನೀರುಬ್ರಾಹ್ಮಿ, ಎಂದರೆ ಬಕೋಪ ಮೊನ್ನಿಯೆರಿ. ಇದು ಕೆರೆಯಂಚಿನ ಕೆಸರಿನಲ್ಲಿ ಬೆಳೆಯುವುದು. ಇದರ ಎಲೆಗಳು ಚಿಕ್ಕವು, ದಪ್ಪನಾದವು, ಜೋಡಿಜೋಡಿಯಾಗಿ ಹುಟ್ಟುವುವು. ಒಂದೆಲಗದ ಕಹಿ ಅಲ್ಪ. ನೀರುಬ್ರಾಹ್ಮಿಯ ಕಹಿ ತೀವ್ರ. ಎರಡರಲ್ಲಿಯೂ ಸಪೋನಿನ್ ಎಂಬ, ನೀರಿನಲ್ಲಿ ನೊರೆಯೇಳುವ ವಸ್ತುಗಳುಂಟು. ಆದರೆ ಒಂದರಲ್ಲಿರುವುದು ಏಷ್ಯಾಟಿಕೊಸೈಡ್, ಇನ್ನೊಂದರಲ್ಲಿರುವುದು ಬಕೊಸೈಡ್. ಹೆಸರು ಒಂದಾದ ಮಾತ್ರಕ್ಕೆ ಗುಣ ಒಂದಾಗಲಾರದಷ್ಟೆ.

2001ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು 46 ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಕೆಲವರಿಗೆ ದಿನಕ್ಕೆ 300 ಮಿಲಿಗ್ರಾಮ್ ನೀರುಬ್ರಾಹ್ಮಿಯ ಸಾರವನ್ನೂ, ಉಳಿದವರಿಗೆ ಔಷಧವೇ ಇಲ್ಲದ ಹುಸಿಗುಳಿಗೆಯನ್ನೂ ಕೊಡಲಾಯಿತು. ಯಾರಿಗೆ ಯಾವುದೆಂಬುದು ಸೇವಿಸಿದವರಿಗೂ ತಿಳಿಯದು, ಪರೀಕ್ಷಿಸಿದವರಿಗೂ ತಿಳಿಯದು. ನಂಬಿಕೆಯ ಪರಿಣಾಮವನ್ನು ಔಷಧದ ಪರಿಣಾಮದಿಂದ ಬೇರ್ಪಡಿಸುವ ಬಗೆ ಇದೇ. ಸಾರವನ್ನು ಸೇವಿಸಿದವರಲ್ಲಿ ಕಲಿಕೆಯ ವೇಗವೂ, ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದೂ ಉತ್ತಮಗೊಂಡುವು. ಈ ಪರಿಣಾಮ ಹೆಚ್ಚಾಗಿ ಕಂಡುಬಂದುದು 12 ವಾರಗಳ ತರುವಾಯ.

ಇದರಿಂದ ನಾವು ತಿಳಿಯಬೇಕಾದುದು ಎರಡು. ಪರೀಕ್ಷೆಯ ಹಿಂದಿನ ರಾತ್ರಿ ಬ್ರಾಹ್ಮಿಯನ್ನು ನುಂಗಿ ಫಲವನ್ನು ನಿರೀಕ್ಷಿಸಲು ಈ ಪ್ರಯೋಗದಲ್ಲಿ ಆಧಾರವಿಲ್ಲ. ನೀರುಬ್ರಾಹ್ಮಿಯ ಸಾರಕ್ಕೆ ದೊರೆತ ಈ ಪ್ರಮಾಣವನ್ನು ಒಂದೆಲಗದ ತಂಬುಳಿಗೆ ಅನ್ವಯಿಸುವುದೂ ಸಲ್ಲದು.

ಇನ್ನೊಂದು ಎಚ್ಚರಿಕೆ. ಒಂದೆಲಗವು ತಾನು ಬೆಳೆದ ಮಣ್ಣಿನಿಂದ ಸೀಸವೇ ಮೊದಲಾದ ಲೋಹಗಳನ್ನು ಹೀರಿಕೊಳ್ಳಬಲ್ಲುದು. ಚರಂಡಿಯ ಬದಿಯಲ್ಲಿ ಬೆಳೆದುದನ್ನು ಕೊಯ್ಯಬಾರದು. ಇದನ್ನು ಗುಳಿಗೆಯ ರೂಪದಲ್ಲಿ ವಾರಗಟ್ಟಲೆ ಸೇವಿಸಿದ ಮೂವರು ಸ್ತ್ರೀಯರಿಗೆ ಯಕೃತ್ತಿನ ತೊಂದರೆಯುಂಟಾದ ವರದಿ 2005ರಲ್ಲಿ ಪ್ರಕಟವಾಯಿತು. ಆದುದರಿಂದ ಶುಚಿಯಾದ ಜಾಗದಲ್ಲಿ ಬೆಳೆದ ಎಲೆಯ ತಂಬುಳಿಯನ್ನು ಊಟದಲ್ಲಿ ಸವಿಯೋಣ. ಔಷಧವಾಗಿ ಸೇವಿಸುವ ಮುನ್ನ ಗಿಡ ಯಾವುದೆಂದು ಗುರುತಿಸಿ, ವೈದ್ಯರನ್ನು ವಿಚಾರಿಸೋಣ.